ಎರಡು ಶಾಸನಗಳು: ಕಾವಲು ಯಾರದು?

ಧರ್ಮವು ಮನೆಯ ದೇವರ ಗೂಡಿನಲ್ಲಿದ್ದರೆ ಸಾಕು, ಬೀದಿಗೆ ಬರಬಾರದು ಎಂದು ಕೆಲವರು ಹೇಳುತ್ತಾರೆ. ಧರ್ಮದ ಸೋಂಕಿಲ್ಲದ ರಾಜ್ಯವು ಉಪ್ಪಿಲ್ಲದ ಅಡಿಗೆಯಂತೆ ಎಂದು ಇನ್ನು ಕೆಲವರು ಹೇಳುತ್ತಾರೆ. ಈ ಚರ್ಚೆಯನ್ನು ನಾನು ಊರಿನ ಸಭೆಗಳಲ್ಲಿ ಬೇಕಾದಷ್ಟು ಸಾರಿ ಕೇಳಿದ್ದೇನೆ, ವಾಚಕರೂ ಕೇಳಿರಬಹುದು. ಎರಡು ಪಕ್ಷದವರೂ ಒಂದು ಸಂಗತಿಯನ್ನು ಮರೆತು ಮಾತಾಡುವಂತೆ ನನಗೆ ತೋರುತ್ತದೆ. ಧರ್ಮವು ಬೀದಿಗೆ ಬರಲು ಯಾರ ಅಪ್ಪಣೆಗೂ ಕಾಯಲಿಲ್ಲ. ಅದು ಮೊದಲಿನಿಂದಲೂ ಬೀದಿಯಲ್ಲಿಯೇ ಇದೆ. ತೇರು ಯಾವ ಬೀದಿಯಲ್ಲಿ ಹರಿಯಬೇಕು, ವಾದ್ಯ ಎಲ್ಲಿ ನಿಲ್ಲಬೇಕು, ಯಾರ ಹೆಣವನ್ನು ಎಲ್ಲಿ ಹೂಳಬೇಕು, ಯಾರ ಹಬ್ಬದ ದಿನ ಯಾರ ಅಂಗಡಿ ಮುಚ್ಚಬೇಕು ಎಂಬ ಪ್ರಶ್ನೆಗಳು ರಾಜರಿದ್ದಾಗ ರಾಜರ ಮುಂದೆ ಬರುತ್ತಿದ್ದುವು. ಈಗ ಪುರಸಭೆಯ ಮುಂದೆಯೂ ನ್ಯಾಯಾಲಯದ ಮುಂದೆಯೂ ಬರುತ್ತವೆ.

ಆದುದರಿಂದ ಕೇಳಬೇಕಾದ ಪ್ರಶ್ನೆ ಬೇರೆ. ಒಂದೇ ನಾಡಿನಲ್ಲಿರುವ ಎರಡು ಮತದವರಿಗೆ ಜಗಳ ಬಂದಾಗ ರಾಜಿ ಮಾಡಿಸುವುದು ಹೇಗೆ? ರಾಜಿಯಾದ ಮೇಲೆ ಆ ರಾಜಿಯನ್ನು ಕಾಯುವವರು ಯಾರು? ಮೊದಲನೆಯದು ನಾವು ತಿಳಿದಷ್ಟು ಕಷ್ಟವಲ್ಲ. ಬಡಿದಾಡಿ ದಣಿದವರು ಒಂದು ದಿನ ತಾವಾಗಿಯೇ ರಾಜಿಗೆ ಬರುತ್ತಾರೆ. ಕಷ್ಟವೆಲ್ಲ ಎರಡನೆಯದರಲ್ಲಿದೆ. ರಾಜಿಪತ್ರಕ್ಕೆ ಮುದ್ರೆ ಒತ್ತಿದ ಕೈ ಮಣ್ಣಾದ ಮೇಲೆ, ದಣಿದವರ ಮಕ್ಕಳು ಮೊಮ್ಮಕ್ಕಳು ಮತ್ತೆ ಚೈತನ್ಯದಿಂದ ಎದ್ದು ನಿಂತ ಮೇಲೆ, ಅದನ್ನು ಉಳಿಸತಕ್ಕವರು ಯಾರು?

ಈ ಪ್ರಶ್ನೆಗೆ ಎರಡು ಬೇರೆ ಬೇರೆ ನಾಡುಗಳು ಕೊಟ್ಟ ಎರಡು ಉತ್ತರಗಳನ್ನು ಇಲ್ಲಿ ಅಕ್ಕಪಕ್ಕದಲ್ಲಿ ಇಟ್ಟು ನೋಡಬೇಕೆಂದಿದ್ದೇನೆ. ಒಂದು, ೧೩೬೮ರಲ್ಲಿ ಕನ್ನಡನಾಡಿನಲ್ಲಿ ಕಲ್ಲಿನ ಮೇಲೆ ಕೊರೆದದ್ದು. ಮತ್ತೊಂದು, ೧೫೯೮ರಲ್ಲಿ ಫ್ರಾನ್ಸಿನಲ್ಲಿ ಕಾಗದದ ಮೇಲೆ ಬರೆದದ್ದು. ನಡುವೆ ಇನ್ನೂರ ಮೂವತ್ತು ವರ್ಷ. ಇವರ ಸುದ್ದಿ ಅವರಿಗೆ ತಿಳಿಯದು. ಪ್ರಶ್ನೆ ಮಾತ್ರ ಒಂದೇ.

ಶ್ರವಣಬೆಳಗೊಳಕ್ಕೆ ಹೋದವರ ಕಣ್ಣೆಲ್ಲ ಬೆಟ್ಟದ ಮೇಲೆ ಇರುತ್ತದೆ, ಅದು ಸಹಜವೇ. ಕೆಳಗೆ ಊರಿನಲ್ಲಿ ಭಂಡಾರಿ ಬಸದಿ ಎಂಬುದೊಂದುಂಟು. ಹೊಯ್ಸಳ ಒಂದನೆಯ ನರಸಿಂಹನಲ್ಲಿ ಭಂಡಾರಿಯಾಗಿದ್ದ ಹುಳ್ಳನು ೧೧೫೯ರಲ್ಲಿ ಕಟ್ಟಿಸಿದ ಕಾರಣ ಅದಕ್ಕೆ ಆ ಹೆಸರು. ನಾನು ಹೇಳಹೊರಟ ಶಾಸನವು ಆ ಬಸದಿಯಲ್ಲಿದೆ. ಅದರ ಕಾಲ ಶಕ ೧೨೯೦, ಕೀಲಕ ಸಂವತ್ಸರ, ಭಾದ್ರಪದ ಮಾಸ. ವಿಜಯನಗರದ ಬುಕ್ಕರಾಯನು ಆಳುತ್ತಿದ್ದ ದಿನಗಳು. ರಾಜ್ಯ ಹುಟ್ಟಿ ಇನ್ನೂ ಮೂವತ್ತು ಚಿಲ್ಲರೆ ವರ್ಷವಾಗಿತ್ತು. ಕೃಷ್ಣೆ ತುಂಗಭದ್ರೆಗಳ ನಡುವಣ ನೆಲಕ್ಕಾಗಿ ಬಹಮನಿ ಸುಲ್ತಾನರೊಡನೆ ಕಾದಾಟ ನಡೆದೇ ಇತ್ತು. ಹೊರಗೆ ಹಗೆಯಿರುವಾಗ ಒಳಗೊಂದು ಜಗಳ ಎದ್ದಿತು. ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ವಿವಾದ.

ಗಂಗರ, ರಾಷ್ಟ್ರಕೂಟರ ಕಾಲದಲ್ಲಿ ಜೈನರು ಅರಮನೆಯ ನೆರಳಿನಲ್ಲಿದ್ದವರು. ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಆ ನೆರಳು ಸರಿದಿತ್ತು. ಸಂಖ್ಯೆಯಲ್ಲಿಯೂ ಅಧಿಕಾರದಲ್ಲಿಯೂ ಅವರದು ಈಗ ಚಿಕ್ಕ ಪಕ್ಷ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಸಕಲ ನಾಡುಗಳ ಭವ್ಯಜನರು, ಅಂದರೆ ಜೈನರು, ಭಕ್ತರು ತಮಗೆ ಮಾಡಿದ ಅನ್ಯಾಯಗಳನ್ನು ಬುಕ್ಕರಾಯನಲ್ಲಿ ಅರಿಕೆ ಮಾಡಿಕೊಂಡರೆಂದು ಶಾಸನ ಹೇಳುತ್ತದೆ.

ಆಗ ರಾಯನು ಮಾಡಿದ್ದೇನು? ಹದಿನೆಂಟು ನಾಡಿನ ಶ್ರೀವೈಷ್ಣವರನ್ನು ಮುಂದಿಟ್ಟುಕೊಂಡು, ಅವರ ಕೈಯಲ್ಲಿ ಜೈನರ ಕೈಯನ್ನು ಹಿಡಿದು ಇಟ್ಟನು. ಆ ವೈಷ್ಣವರು ಯಾರು ಯಾರು ಎಂಬುದನ್ನು ಶಾಸನವು ಬಿಡಿಸಿ ಹೇಳುತ್ತದೆ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರು ಮೊದಲಾಗಿ, ದೇವಸ್ಥಾನದ ಸೇವೆಯ ಹಲವು ಬಗೆಯ ಜನ, ತಿರುಕುಲದವರು, ಜಾಂಬವಕುಲದವರು, ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಇದು ಚಿಕ್ಕ ಮಾತಲ್ಲ. ಜಗಳವಾಗುವುದು ಆಚಾರ್ಯರ ಗ್ರಂಥಗಳಲ್ಲಿ ಮಾತ್ರವಲ್ಲ. ಉತ್ಸವದ ಬೀದಿಯಲ್ಲಿಯೂ ಆಗುತ್ತದೆ. ಗುರುಗಳು ಒಪ್ಪಿದರೆ ಸಾಲದು, ಪಲ್ಲಕ್ಕಿ ಹೊರುವವನೂ ಒಪ್ಪಬೇಕು ಎಂಬ ಲೋಕಜ್ಞಾನ ಆ ಪಟ್ಟಿಯ ಹಿಂದೆ ಇದೆ.

ತೀರ್ಪಿನ ಸಾರ ಹೀಗೆ. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲ. ಜೈನರಿಗೆ ಹಿಂದಿನಿಂದ ಬಂದ ಪಂಚಮಹಾವಾದ್ಯಗಳೂ ಕಳಶವೂ ಮುಂದೆಯೂ ಸಲ್ಲತಕ್ಕವು. ಭಕ್ತರ ದೆಸೆಯಿಂದ ಜೈನ ದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ ಒದಗಿದರೆ, ವೈಷ್ಣವರು ಅದನ್ನು ತಮ್ಮ ದರ್ಶನಕ್ಕೆ ಬಂದ ಹಾನಿವೃದ್ಧಿಯೆಂದೇ ಎಣಿಸಬೇಕು. ಈ ಮಾತನ್ನು ರಾಜ್ಯದ ಬಸದಿಗಳಲ್ಲೆಲ್ಲ ಶಾಸನವಾಗಿ ನೆಡಿಸಬೇಕಾದವರು ವೈಷ್ಣವರೇ. ಚಂದ್ರಸೂರ್ಯರಿರುವ ತನಕ ಅವರು ಜೈನ ದರ್ಶನವನ್ನು ರಕ್ಷಿಸಿಕೊಂಡು ಬರಬೇಕು.

ಕೊನೆಗೆ ಬಂತು ಕಾವಲಿನ ಏರ್ಪಾಟು. ರಾಜ್ಯದ ಜೈನರು ಮನೆಗೊಂದರಂತೆ ವರ್ಷಕ್ಕೆ ಒಂದು ಹಣ ಕೊಡಬೇಕು. ತಿರುಮಲೆಯ ತಾತಯ್ಯನು ಆ ದ್ರವ್ಯದಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಮಂದಿ ಆಳುಗಳನ್ನು ಇಡಬೇಕು. ಮಿಕ್ಕದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ತಪ್ಪಿದವನು ರಾಜದ್ರೋಹಿ, ಸಂಘಸಮುದಾಯಗಳಿಗೂ ದ್ರೋಹಿ. ರಾಯನಲ್ಲಿ ಬಿನ್ನಹ ಮಾಡಿದವನೆಂದು ಶಾಸನದ ಕೊನೆಯಲ್ಲಿ ಹೆಸರು ಬರುವುದು ಕಲ್ಲೇಹದ ಬುಸುವಿಸೆಟ್ಟಿ ಎಂಬವನದು. ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು. ಆ ಕಲ್ಲೇಹವೇ ಮಾಗಡಿ ತಾಲ್ಲೂಕಿನ ಕಲ್ಯ; ಅಲ್ಲಿಯೂ ಈ ಶಾಸನದ ಪ್ರತಿಯಿದೆ.

ಈ ಏರ್ಪಾಟನ್ನು ಒಂದಿಷ್ಟು ನಿಂತು ನೋಡಬೇಕು. ಕಾವಲಿನ ಆಳುಗಳನ್ನು ನೇಮಿಸುವವರು ದುರ್ಬಲ ಪಕ್ಷದವರಲ್ಲ. ರಾಜನ ಸೇನಾಪತಿಯೂ ಅಲ್ಲ. ಯಾರಿಂದ ಭಯವೆಂದು ದೂರು ಬಂತೋ ಅವರೇ ಕಾವಲಿನವರು. ಬಸದಿಗೆ ಕೇಡಾದರೆ ಇನ್ನು ಮುಂದೆ ಕೆಡುವ ಮಾನ ವೈಷ್ಣವರದು. ಬುಕ್ಕರಾಯನು ಬಲ್ಲಿದನ ಬಲವನ್ನು ಕುಗ್ಗಿಸಲು ಹೋಗಲಿಲ್ಲ. ಅವನ ಮಾನವನ್ನು ಒತ್ತೆಯಿಟ್ಟುಕೊಂಡನು.

ಇದರಲ್ಲಿ ನನ್ನ ಮನಸ್ಸಿಗೆ ಮುಳ್ಳಿನಂತೆ ಚುಚ್ಚುವ ಒಂದು ಅಂಶವೂ ಇದೆ. ಕಾವಲಿನ ಖರ್ಚು ಜೈನರ ತಲೆಯ ಮೇಲೆ ಬಂತು. ಅನ್ಯಾಯಕ್ಕೆ ಒಳಗಾದವನು ತನ್ನ ರಕ್ಷಣೆಗೆ ತಾನೇ ತೆರಬೇಕಾದರೆ ಅದನ್ನು ಪೂರ್ಣ ನ್ಯಾಯವೆನ್ನುವುದು ಹೇಗೆ? ಶಾಸನವು ಈ ದ್ರವ್ಯವನ್ನು ಜೈನರ ಒಪ್ಪಿಗೆಯಿಂದಲೇ ಎತ್ತತಕ್ಕದ್ದೆಂದು ಹೇಳುತ್ತದೆ, ಸರಿಯೆ. ಆದರೆ ದುರ್ಬಲನ ಒಪ್ಪಿಗೆಯ ತೂಕ ಎಷ್ಟೆಂಬುದು ಲೋಕಕ್ಕೆ ಗೊತ್ತು. ಕಲ್ಲಿನ ಮೇಲಿದ್ದ ಮಾತ್ರಕ್ಕೆ ಹೊಗಳಿ ಕೈಮುಗಿದು ಬರುವುದು ಇತಿಹಾಸವನ್ನು ಓದುವ ಕ್ರಮವಲ್ಲ.

ಇನ್ನು ಫ್ರಾನ್ಸಿನ ಕಡೆ ತಿರುಗೋಣ. ಅಲ್ಲಿ ಜಗಳವಾಡಿದವರು ಒಂದೇ ಏಸುವನ್ನು ನಂಬುವವರು. ಕ್ಯಾಥೊಲಿಕರು ಹೆಚ್ಚಿನವರು, ಕ್ಯಾಲ್ವಿನ್ನನ ದಾರಿ ಹಿಡಿದ ಪ್ರಾಟೆಸ್ಟೆಂಟರು ಕಡಮೆಯವರು. ಇವರಿಗೆ ಹ್ಯೂಗನಾಟರೆಂದು ಹೆಸರು. ೧೫೬೨ರಲ್ಲಿ ವಾಸಿ ಎಂಬ ಊರಿನಲ್ಲಿ, ಪ್ರಾರ್ಥನೆಗೆ ನೆರೆದಿದ್ದ ಹ್ಯೂಗನಾಟರನ್ನು ಗೀಸ್ ಪ್ರಭುವಿನ ಜನರು ಕೊಂದರು. ಅಲ್ಲಿಂದ ಮೂವತ್ತಾರು ವರ್ಷ ಕಾಲ, ನಡುನಡುವೆ ಉಸಿರು ಬಿಟ್ಟು, ಎಂಟು ಯುದ್ಧಗಳು. ಪ್ರತಿ ಯುದ್ಧದ ಕೊನೆಗೂ ಒಂದು ರಾಜಿಪತ್ರ. ಪ್ರತಿ ರಾಜಿಪತ್ರದ ಕೊನೆಗೂ ಇನ್ನೊಂದು ಯುದ್ಧ. ೧೫೭೨ರ ಆಗಸ್ಟ್ ೧೮ರಂದು ಪ್ಯಾರಿಸ್ಸಿನಲ್ಲಿ ರಾಜನ ತಂಗಿಗೂ ಹ್ಯೂಗನಾಟರ ನಾಯಕನಾದ ನವಾರದ ಹೆನ್ರಿಗೂ ಮದುವೆ. ಎರಡು ಮತಗಳೂ ಬೀಗರಾದವೆಂದು ಎಲ್ಲರೂ ಎಣಿಸಿದರು. ಮದುವೆಗೆಂದು ಬಂದಿದ್ದ ಹ್ಯೂಗನಾಟ್ ಶ್ರೀಮಂತರು ಆರೇ ದಿನಗಳಲ್ಲಿ, ಸಂತ ಬಾರ್ಥಲೋಮ್ಯೂವಿನ ಹಬ್ಬದ ದಿನ, ಕೊಲೆಯಾದರು. ಕೊಲೆಗಳು ಊರೂರಿಗೆ ಹಬ್ಬಿ ಸಾವಿರಾರು ಜನ ಸತ್ತರು.

ಆ ಮದುವಣಿಗನೇ ಮುಂದೆ ನಾಲ್ಕನೆಯ ಹೆನ್ರಿ ಎಂಬ ಹೆಸರಿನಿಂದ ರಾಜನಾದನು. ಪಟ್ಟವನ್ನು ಗಟ್ಟಿಮಾಡಿಕೊಳ್ಳಲು ೧೫೯೩ರಲ್ಲಿ ಕ್ಯಾಥೊಲಿಕ್ ಮತಕ್ಕೆ ಸೇರಿದನು. ಹಳೆಯ ಸಂಗಡಿಗರನ್ನು ಮರೆಯದೆ ೧೫೯೮ರ ಏಪ್ರಿಲ್ ತಿಂಗಳಲ್ಲಿ ನಾಂಟ್ ಪಟ್ಟಣದಲ್ಲಿ ಒಂದು ಶಾಸನವನ್ನು ಹೊರಡಿಸಿದನು. ಅದರಲ್ಲಿ ೯೨ ಬಹಿರಂಗ ವಿಧಿಗಳು. ೫೬ ರಹಸ್ಯ ವಿಧಿಗಳು ಬೇರೆ. ಹ್ಯೂಗನಾಟರು ಗೊತ್ತುಮಾಡಿದ ಊರುಗಳಲ್ಲಿ ಬಹಿರಂಗವಾಗಿ ಪೂಜಿಸಬಹುದು. ಪ್ಯಾರಿಸ್ಸಿನಲ್ಲಿ ಮಾತ್ರ ಕೂಡದು. ರಾಜ್ಯದ ಎಲ್ಲ ಹುದ್ದೆಗಳಿಗೂ ಅವರು ಅರ್ಹರು. ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ ಮತಭೇದ ಮಾಡಕೂಡದು. ಅವರ ವ್ಯಾಜ್ಯಗಳನ್ನು ಕೇಳಲು ವಿಶೇಷ ನ್ಯಾಯಪೀಠಗಳು. ನಡೆದುಹೋದದ್ದನ್ನು ಯಾರೂ ಕೆದಕಬಾರದು, ನೆನೆಯಲೂ ಬಾರದು ಎಂಬುದು ಮೊದಲನೆಯ ವಿಧಿಯಲ್ಲಿದ್ದ ಆಜ್ಞೆ. ಬುಕ್ಕರಾಯನ ಶಾಸನವು ಒಪ್ಪಂದವನ್ನು ಊರೂರಲ್ಲಿ ನೆಟ್ಟು ನೆನೆಯಿರಿ ಎಂದಿತು. ಹೆನ್ರಿಯದು ಜಗಳವನ್ನು ಮರೆಯಿರಿ ಎಂದಿತು.

ಕಾವಲಿನ ವಿಷಯದಲ್ಲಿ ಹೆನ್ರಿ ಹಿಡಿದ ದಾರಿ ಬುಕ್ಕರಾಯನದಕ್ಕೆ ನೇರ ವಿರುದ್ಧವಾದದ್ದು. ಮೂವತ್ತಾರು ವರ್ಷ ಮಾತು ತಪ್ಪಿದವರನ್ನು ಕಂಡ ಹ್ಯೂಗನಾಟರು ನೆರೆಯವನ ಮಾನವನ್ನು ನಂಬುವ ಸ್ಥಿತಿಯಲ್ಲಿ ಇರಲಿಲ್ಲ. ಅವರು ಕೋಟೆ ಕೇಳಿದರು. ರಾಜನು ಕೊಟ್ಟನು. ಸುಮಾರು ನೂರೈವತ್ತು ಸ್ಥಳಗಳನ್ನು ಅವರ ವಶದಲ್ಲಿ ಬಿಟ್ಟನು. ಅವುಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಕೋಟೆಯುಳ್ಳವು. ಅಲ್ಲಿನ ಸೈನಿಕರಿಗೆ ಸಂಬಳ ರಾಜನ ಬೊಕ್ಕಸದಿಂದಲೇ. ಇಲ್ಲಿ ದುರ್ಬಲನ ದುಡ್ಡು, ಬಲ್ಲಿದನ ಕಾವಲು. ಅಲ್ಲಿ ರಾಜನ ದುಡ್ಡು, ದುರ್ಬಲನದೇ ಕಾವಲು. ಮೇಲುನೋಟಕ್ಕೆ ಫ್ರಾನ್ಸಿನ ಏರ್ಪಾಟೇ ಹೆಚ್ಚು ನ್ಯಾಯವಾದದ್ದು. ಇಪ್ಪತ್ತು ಆಳುಗಳೆಲ್ಲಿ, ಲಾ ರೊಷೆಲ್‌ನಂಥ ಸಮುದ್ರದುರ್ಗವೆಲ್ಲಿ!

ಆದರೆ ಆ ಕೋಟೆಯ ಗೋಡೆಯಿಂದಲೇ ಸಂಶಯವು ಹುಟ್ಟಿತು. ರಾಜ್ಯದೊಳಗೆ ಇನ್ನೊಂದು ರಾಜ್ಯವಿದೆ ಎಂಬ ಮಾತು ಅರಮನೆಯಲ್ಲಿ ಕೇಳಬಂತು. ಪ್ಯಾರಿಸ್ಸಿನ ಉಚ್ಚ ನ್ಯಾಯಸಭೆಯವರಂತೂ ಮೊದಲಿನಿಂದಲೂ ಈ ಶಾಸನವನ್ನು ಒಪ್ಪಿದವರಲ್ಲ. ರಾಜನೇ ಕರೆಸಿ ಗದರಿಸಿದ ಮೇಲೆ ೧೫೯೯ರಲ್ಲಿ ದಾಖಲೆ ಮಾಡಿದರು. ೧೬೧೦ರಲ್ಲಿ ರವಯಾಕ್ ಎಂಬ ಮತಾಂಧನು ಹೆನ್ರಿಯನ್ನು ಇರಿದು ಕೊಂದನು. ಮಗನ ಕಾಲದಲ್ಲಿ ಮಂತ್ರಿ ರಿಷೆಲ್ಯೂ ೧೬೨೭ರಲ್ಲಿ ಲಾ ರೊಷೆಲ್‌ಗೆ ಮುತ್ತಿಗೆ ಹಾಕಿದನು. ಹ್ಯೂಗನಾಟರ ನೆರವಿಗೆ ಇಂಗ್ಲೆಂಡಿನ ಹಡಗುಗಳು ಬಂದುವು. ಅಲ್ಲಿಗೆ ಮನೆಯ ಜಗಳವು ದೇಶದೇಶಗಳ ರಾಜಕೀಯವಾಯಿತು. ಅಲ್ಪಸಂಖ್ಯಾತನ ಭಯಕ್ಕೆ ದೇಶದ್ರೋಹದ ಹೆಸರು ಬಂತು. ವರ್ಷಕ್ಕೂ ಮೀರಿ ನಡೆದ ಮುತ್ತಿಗೆಯಲ್ಲಿ ಊರು ಹಸಿದು ಸತ್ತಿತು. ಇಪ್ಪತ್ತೇಳು ಸಾವಿರದಷ್ಟಿದ್ದ ಜನರಲ್ಲಿ ಉಳಿದವರು ಸುಮಾರು ಐದು ಸಾವಿರ. ೧೬೨೯ರ ಒಪ್ಪಂದದಲ್ಲಿ ಹ್ಯೂಗನಾಟರಿಗೆ ಪೂಜೆ ಉಳಿಯಿತು, ಕೋಟೆ ಹೋಯಿತು.

ಅಲ್ಲಿಂದ ಮುಂದೆ ಶಾಸನಕ್ಕೆ ರಾಜನ ಮಾತೊಂದೇ ಕಾವಲು. ಹೆನ್ರಿಯ ಮೊಮ್ಮಗ ಹದಿನಾಲ್ಕನೆಯ ಲೂಯಿಗೆ ಒಂದು ರಾಜ್ಯಕ್ಕೆ ಒಂದೇ ಮತವಿರಬೇಕೆಂಬ ಹಟ. ಶಾಸನವನ್ನು ಅವನು ಒಮ್ಮೆಗೇ ಮುರಿಯಲಿಲ್ಲ. ಎಳೆ ಎಳೆಯಾಗಿ ಬಿಚ್ಚಿದನು. ಇಂಥ ವೃತ್ತಿ ಕೂಡದು, ಇಂಥ ಊರಿನಲ್ಲಿ ಪ್ರಾರ್ಥನಾಮಂದಿರ ಕೂಡದು ಎಂದು ಅಪ್ಪಣೆಗಳು ಒಂದರ ಮೇಲೊಂದು ಬಂದುವು. ೧೬೮೧ರಿಂದ ಹ್ಯೂಗನಾಟರ ಮನೆಗಳಲ್ಲಿ ಸೈನಿಕರನ್ನು ಬಿಡಾರ ಬಿಡಿಸಿದರು. ಮನೆಯವರು ಮತ ಬಿಡುವ ತನಕ ಸೈನಿಕರು ಮನೆ ಬಿಡುತ್ತಿರಲಿಲ್ಲ. ಕೊನೆಗೆ ೧೬೮೫ರ ಅಕ್ಟೋಬರಿನಲ್ಲಿ ನಾಂಟ್ ಶಾಸನ ರದ್ದಾಯಿತು. ಹೇಳಿದ ಕಾರಣವನ್ನು ಕೇಳಿ: ಹ್ಯೂಗನಾಟರಲ್ಲಿ ಹೆಚ್ಚಿನವರು ಈಗಾಗಲೇ ಕ್ಯಾಥೊಲಿಕರಾಗಿದ್ದಾರೆ, ಆದುದರಿಂದ ಶಾಸನದ ಅಗತ್ಯವಿಲ್ಲ! ಎಂದೆಂದಿಗೂ ರದ್ದಾಗದೆಂದು ಬರೆದಿದ್ದ ಶಾಸನದ ಆಯುಸ್ಸು ಎಂಬತ್ತೇಳು ವರ್ಷ.

ಪಾದ್ರಿಗಳು ಹದಿನೈದು ದಿನಗಳಲ್ಲಿ ದೇಶ ಬಿಡಬೇಕು; ಉಳಿದವರು ಬಿಡಲೇಕೂಡದು, ಬಿಡಹೊರಟು ಸಿಕ್ಕಿಬಿದ್ದ ಗಂಡಸರಿಗೆ ಹಡಗಿನ ಹುಟ್ಟಿಗೆ ಕಟ್ಟುವ ಶಿಕ್ಷೆ. ಆದರೂ ಸುಮಾರು ಎರಡು ಲಕ್ಷ ಜನ ಹೊರಟುಹೋದರು. ಹೋದವರು ಯಾರು? ನೇಯುವವರು, ಗಡಿಯಾರ ಮಾಡುವವರು, ವ್ಯಾಪಾರಿಗಳು, ಯುದ್ಧ ಬಲ್ಲ ಅಧಿಕಾರಿಗಳು. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸಿನಲ್ಲಿ ರೇಷ್ಮೆಯ ಮಗ್ಗಗಳು ಸದ್ದುಮಾಡಿದುವು. ಬ್ರಾಂಡೆನ್‌ಬರ್ಗಿನ ದೊರೆ ಆ ವರ್ಷವೇ ಆಹ್ವಾನಪತ್ರ ಹೊರಡಿಸಿ ಅವರನ್ನು ಕರೆಸಿಕೊಂಡನು. ೧೭೦೦ರ ಸುಮಾರಿಗೆ ಬರ್ಲಿನ್ನಿನ ನಿವಾಸಿಗಳಲ್ಲಿ ಹೆಚ್ಚುಕಡಮೆ ಐದರಲ್ಲಿ ಒಬ್ಬರು ಫ್ರೆಂಚರು. ಲೂಯಿಯ ಕೋಟೆಗಳನ್ನೆಲ್ಲ ಕಟ್ಟಿದ ಮಹಾ ಶಿಲ್ಪಿ ವೋಬಾನನೇ ೧೬೮೯ರಲ್ಲಿ, ಹೋದವರನ್ನು ಹಿಂದಕ್ಕೆ ಕರೆಸಿರೆಂದು ಅರಿಕೆ ಬರೆದನು. ಗೋಡೆಯಿಂದ ದೇಶ ಎಷ್ಟು ಕಾಯಲ್ಪಡುತ್ತದೆ, ಎಷ್ಟು ಕಾಯಲ್ಪಡುವುದಿಲ್ಲ ಎಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆ ಅರಿಕೆಗೆ ಯಾರೂ ಕಿವಿಗೊಡಲಿಲ್ಲ.

ಫ್ರಾನ್ಸಿನಲ್ಲಿಯೇ ಉಳಿದವರು ನೂರು ವರ್ಷ ಕಾಲ ಹೆಸರಿಲ್ಲದವರಾದರು. ಅವರ ಮದುವೆ ಕಾನೂನಿನ ಕಣ್ಣಿಗೆ ಮದುವೆಯಲ್ಲ, ಮಕ್ಕಳು ಹಕ್ಕಿನ ಮಕ್ಕಳಲ್ಲ. ೧೭೬೨ರಲ್ಲಿ ತುಲೂಸಿನ ಝಾನ್ ಕಲಾಸ್ ಎಂಬ ವ್ಯಾಪಾರಿಯನ್ನು, ಕ್ಯಾಥೊಲಿಕನಾಗಲಿದ್ದ ಸ್ವಂತ ಮಗನನ್ನು ಕೊಂದನೆಂಬ ಸುಳ್ಳು ಆರೋಪದ ಮೇಲೆ, ಚಕ್ರಕ್ಕೆ ಕಟ್ಟಿ ಮೂಳೆ ಮುರಿದು ಕೊಂದರು. ವೋಲ್ಟೇರನು ಲೇಖನಿ ಎತ್ತಿದನು. ೧೭೬೩ರಲ್ಲಿ ಸಹಿಷ್ಣುತೆಯನ್ನು ಕುರಿತ ಅವನ ಗ್ರಂಥ ಬಂತು; ೧೭೬೫ರಲ್ಲಿ, ಸತ್ತ ಕಲಾಸನು ನಿರಪರಾಧಿಯೆಂದು ತೀರ್ಪಾಯಿತು. ೧೭೮೭ರಲ್ಲಿ ಹ್ಯೂಗನಾಟರ ಮದುವೆ, ಜನನ, ಮರಣಗಳಿಗೆ ಕಾನೂನಿನ ಮಾನ್ಯತೆ ದೊರೆಯಿತು. ಎರಡು ವರ್ಷಗಳ ಮೇಲೆ ಬಂದ ಕ್ರಾಂತಿಯು, ಮತದ ವಿಷಯದಲ್ಲಿಯೂ ತನ್ನ ಅಭಿಪ್ರಾಯಕ್ಕಾಗಿ ಯಾರನ್ನೂ ಪೀಡಿಸಕೂಡದೆಂಬ ತತ್ತ್ವವನ್ನು ಮನುಷ್ಯನ ಹಕ್ಕುಗಳಲ್ಲಿ ಸೇರಿಸಿತು.

ಇಲ್ಲಿ ಮೂರನೆಯ ಬಗೆಯ ಕಾವಲು ಲೋಕಕ್ಕೆ ಬಂತು. ನೆರೆಯವನ ಮಾನವಲ್ಲ, ಸ್ವಂತ ಕೋಟೆಯಲ್ಲ; ಎಲ್ಲರಿಗೂ ಒಂದಾದ ಕಾನೂನು. ರಾಜನು ದಯಪಾಲಿಸಿದ್ದನ್ನು ರಾಜನ ಮೊಮ್ಮಗನು ಕಸಿದುಕೊಳ್ಳಬಹುದು. ಹಕ್ಕಾಗಿ ಬಂದದ್ದನ್ನು ಹಾಗೆ ಕಸಿಯುವುದು ಸುಲಭವಲ್ಲ. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ೨೫ರಿಂದ ೨೮ರ ವರೆಗಿನ ವಿಧಿಗಳಲ್ಲಿ ಧರ್ಮಸ್ವಾತಂತ್ರ್ಯವನ್ನು ಇಟ್ಟಿರುವುದು ಈ ಬಗೆಯ ಕಾವಲಿನಲ್ಲಿಯೇ. ಇಲ್ಲಿ ಕಾವಲಿಗೆಂದು ಯಾರೂ ಮನೆಗೊಂದು ಹಣ ತೆರಬೇಕಾಗಿಲ್ಲ. ನನ್ನ ಮನಸ್ಸನ್ನು ಚುಚ್ಚಿದ ಮುಳ್ಳು ಅಷ್ಟರಮಟ್ಟಿಗೆ ಕಳಚಿತು.

ಹಾಗಾದರೆ ಬುಕ್ಕರಾಯನ ಕಲ್ಲು ಇನ್ನು ಪ್ರಾಚ್ಯವಸ್ತು ಮಾತ್ರವೇ? ನನಗೆ ಹಾಗೆ ತೋರುವುದಿಲ್ಲ. ಆ ಶಾಸನದಿಂದ ನಾಡಿನ ಜಗಳವೆಲ್ಲ ತೀರಿತೆಂದು ನಾನು ಹೇಳುತ್ತಿಲ್ಲ. ೧೬೩೮ರಲ್ಲಿ ಹಳೇಬೀಡಿನ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ವೀರಶೈವನೊಬ್ಬನು ಲಿಂಗಮುದ್ರೆ ಒತ್ತಿಸಿದನು, ಜೈನನೊಬ್ಬನು ಅದನ್ನು ಅಳಿಸಿದನು, ಮತ್ತೆ ವಿವಾದ. ಆಗಿನ ರಾಜಿಯಲ್ಲಿ, ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ ಆಮೇಲೆ ಜೈನರು ತಮ್ಮ ಪೂಜೆಯನ್ನು ಎಂದಿನಂತೆ ಮಾಡಿಕೊಳ್ಳತಕ್ಕದ್ದೆಂದಾಯಿತು. ಬಲ್ಲಿದನು ತನ್ನ ಗುರುತನ್ನು ಒತ್ತಿಯೇ ರಾಜಿಗೆ ಬಂದನೆಂಬುದು ಇಲ್ಲಿಯೂ ಕಾಣುತ್ತದೆ. ಆದರೆ ಅದೇ ಶಾಸನದಲ್ಲಿ, ಈ ಜಿನಧರ್ಮಕ್ಕೆ ಅಡ್ಡಿಮಾಡಿದ ವೀರಶೈವನು ತಮ್ಮ ಮಹಾಮಹತ್ತಿಗೆ ಹೊರತು, ಶಿವನಿಗೆ ದ್ರೋಹಿ ಎಂದು ವೀರಶೈವರೇ ಬರೆಸಿದರು. ಬುಕ್ಕರಾಯನು ಹಾಕಿಕೊಟ್ಟ ಜಾಡಿನಲ್ಲಿಯೇ, ಇನ್ನೂರ ಎಪ್ಪತ್ತು ವರ್ಷಗಳಾದ ಮೇಲೆ, ಇನ್ನೊಂದು ಸಮುದಾಯವೂ ನಡೆಯಿತು.

ಕಾನೂನು ಮಾಡಲಾರದ ಕೆಲಸ ಇದೇ. ಕಲ್ಲೆಸೆದವನನ್ನು ಕಾನೂನು ಹಿಡಿಯಬಹುದು. ಎಸೆಯುವ ಮೊದಲು ಕೈ ಹಿಡಿಯಬೇಕಾದವನು ಅವನ ಮತದವನೇ. ನ್ಯಾಯಾಲಯದ ತೀರ್ಪು ಬರುವುದು ಬಸದಿಯೋ ಮಸೀದಿಯೋ ಗುಡಿಯೋ ಇಗರ್ಜಿಯೋ ಹಾಳಾದ ಮೇಲೆ. ಹೊರಗಿನವನು ಬಯ್ದರೆ ಮತಾಂಧನಿಗೆ ಹುರುಪು. ತನ್ನವರೇ ಬಹಿಷ್ಕರಿಸುತ್ತಾರೆಂಬ ಭಯ ಮಾತ್ರ ಅವನನ್ನು ತಡೆಯಬಲ್ಲುದು. ಲೂಯಿಯ ಸೈನಿಕರು ಹ್ಯೂಗನಾಟರ ಮನೆ ಹೊಕ್ಕಾಗ, ಅವರ ಹಾನಿಯನ್ನು ತಮ್ಮ ಹಾನಿಯೆಂದು ಎಣಿಸಬೇಕೆಂಬ ಕಟ್ಟು ಪಕ್ಕದ ಮನೆಯ ಕ್ಯಾಥೊಲಿಕರ ಮೇಲೆ ಇರಲಿಲ್ಲ. ನಾಂಟ್ ಶಾಸನದ ತೊಂಬತ್ತೆರಡು ವಿಧಿಗಳಲ್ಲಿ ಅಂಥ ವಿಧಿಯೊಂದು ಇಲ್ಲ.

ಬಲ್ಲಿದ, ದುರ್ಬಲ ಎಂಬ ಮಾತುಗಳೂ ಊರಿಂದ ಊರಿಗೆ ಬದಲಾಗುತ್ತವೆ. ಈ ಬೀದಿಯಲ್ಲಿ ಹೆಚ್ಚಿನವನಾದವನು ಎರಡು ಬೀದಿ ದಾಟಿದರೆ ಕಡಮೆಯವನು. ಈ ದೇಶದ ಬಹುಸಂಖ್ಯಾತನು ಗಡಿ ದಾಟಿದರೆ ಅಲ್ಪಸಂಖ್ಯಾತನು. ಆದಕಾರಣ ಈ ಕಾವಲಿನ ಸರದಿ ಎಲ್ಲರಿಗೂ ಬರುತ್ತದೆ. ಧರ್ಮವು ಸಾರ್ವಜನಿಕ ಜೀವನದಲ್ಲಿ ಇರಬೇಕೆ ಬೇಡವೆ ಎಂದು ಸಭೆಗಳಲ್ಲಿ ಕೇಳುವವರನ್ನು ನಾನು ತಿರುಗಿ ಕೇಳಬೇಕೆಂದಿರುವುದು ಇಷ್ಟೆ: ನಿಮ್ಮ ಬೀದಿಯಲ್ಲಿ ನಿಮ್ಮ ಮತದವರು ಹೆಚ್ಚಾಗಿರುವಾಗ, ಕಡಮೆಯವರ ದೇವರ ಬಾಗಿಲಲ್ಲಿ ಕಾವಲು ನಿಲ್ಲುವ ಆ ಇಪ್ಪತ್ತು ಆಳುಗಳಲ್ಲಿ ಒಬ್ಬರಾಗಲು ನೀವು ಒಪ್ಪುತ್ತೀರಾ? ಒಪ್ಪುವುದಾದರೆ ಧರ್ಮವು ಬೀದಿಗೆ ಬರಲಿ. ಅದರಿಂದ ಯಾರಿಗೂ ಕೇಡಿಲ್ಲ.